ಒಂದೂವರೆ ಇಂಚು

“ತಪ್ಪು,” ಎಂದರು ಮಹಾರುದ್ರಪ್ಪ. ಟೇಪನ್ನು ಮೇಜಿನ ಮೇಲೆ ಎಸೆದರು. “ಲೇ ದಿಲೀಪ್ಯಾ, ಇದು ನನ್ನ ಗಾಡಿ ಅಲ್ಲ.”

ಹುಮನಾಬಾದಿನ ಆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಮೇಜಿನ ಕಡೆ ಬಗ್ಗಿದರು. ತಗಡು, ಪ್ಲಾಸ್ಟಿಕ್ ಹಾಳೆ, ಸಾಗವಾನಿ ಚಕ್ಕೆಯಿಂದ ಮಾಡಿದ ಲಾರಿ. ಅಡಿಗೆ ಅರ್ಧ ಇಂಚಿನ ಲೆಕ್ಕ. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿ ಹೊರಳುತ್ತಿತ್ತು. ಬಂಪರಿನ ಕೆಳಗೆ ಸಾಸಿವೆ ಗಾತ್ರದ ನಿಂಬೆಹಣ್ಣು ತೂಗುತ್ತಿತ್ತು.

ದಿಲೀಪನಿಂದ ತಪ್ಪಾಯಿತು ಎಂಬುದೇ ದೊಡ್ಡ ಸುದ್ದಿ. ಬಸವಕಲ್ಯಾಣದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನು ಪೇಂಟರ್. ತೊಂಬತ್ತೆರಡರಲ್ಲಿ ಮುಂಬಯಿ ಲೈನಿನ ಡ್ರೈವರ್ ಒಬ್ಬ ಹಳೆಯ ಅಮೆರಿಕನ್ ಕಾರಿನ ಪುಟ್ಟ ಮಾದರಿ ಜೋಡಿಸುವ ಕಿಟ್ ತಂದುಕೊಟ್ಟ. ಅದನ್ನು ಜೋಡಿಸಿದಂದಿನಿಂದ ಹಿಡಿದ ಹುಚ್ಚು ಹನ್ನೊಂದು ವರ್ಷವಾದರೂ ಬಿಟ್ಟಿರಲಿಲ್ಲ. ಸಾಹುಕಾರ ಮಹಾರುದ್ರಪ್ಪನವರ ಗಾಜಿನ ಕಪಾಟಿನಲ್ಲೇ ಅವನು ಮಾಡಿಕೊಟ್ಟ, ಅವರ ತಂದೆಯ ಲ್ಯಾಂಡ್‌ಮಾಸ್ಟರ್ ಕಾರಿನ ಮಾದರಿ ನಿಂತಿತ್ತು, ಎಡ ಮಡ್‌ಗಾರ್ಡಿನ ತಗ್ಗಿನ ಸಮೇತ. ಬಂದವರಿಗೆಲ್ಲ ಆ ತಗ್ಗು ತೋರಿಸಿ ಅವರು ಹೇಳುತ್ತಿದ್ದರು: “ದೇವರ ಮಾರಿ ಮ್ಯಾಲ ಮಚ್ಚಿ ಇದ್ರ ಅದನ್ನೂ ಬಿಡಂಗಿಲ್ಲ ಈ ಮಗ.”

ಈಗ ಆ ದಿಲೀಪ ತಲೆ ತಗ್ಗಿಸಿ ನಿಂತಿದ್ದ. “ಎಲ್ಲಿ ತಪ್ಪೇತ್ರಿ, ಸಾಹುಕಾರ್ರ?”

“ಹಿಂದಿನ ಬಾಡಿ ಹದಿನೇಳಡಿ ಮಾಡೀಯಲ್ಲೋ. ನಂದು ಇಪ್ಪತ್ತು. ನಿಂತು ಮೂರಡಿ ಹಿಂದಕ್ಕ ಎಳಿಸೀನಿ. ಅಷ್ಟು ಮಾಲು ಹೊರೋ ಗಾಡಿ ಈ ಲೈನಿನ್ಯಾಗ ಮತ್ತೊಂದಿರಲಿಲ್ಲ. ನನ್ನ ಮೀಸಿ ಬೋಳಿಸಿ ಕೂಡ್ಸಿದಂಗ ಮಾಡೀದಿ.”

ಚಹಾದವರು ನಕ್ಕರು.

“ನಿಮ್ಮ ಗಾಡಿ ನಿಮಗಿಂತ ಚಲೋ ಯಾರಿಗ ಗೊತ್ತದರಿ.” ದಿಲೀಪ ಒಂದು ಹಾಳೆ ಮುಂದಿಟ್ಟ. ಮಾದರಿ ಹೈದರಾಬಾದಿನ ಪ್ರದರ್ಶನಕ್ಕೆ ಹೋಗಬೇಕಿತ್ತು; ಅಳತೆಗಳ ಕೆಳಗೆ ಗಾಡಿಯ ಮಾಲಕರ ಸಹಿ ಬೇಕು ಎಂಬುದು ಅಲ್ಲಿಯ ನಿಯಮ. “ನೀವಽ ತಿದ್ರಿ. ನಿಮ್ಮ ಕೈಲೆ.”

ಮಹಾರುದ್ರಪ್ಪ ಹದಿನೇಳನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದರು. ಪಕ್ಕದಲ್ಲಿ ‘ಮೊದಲಿನದು ತಪ್ಪು’ ಎಂದೂ ಬರೆದರು. ಸಹಿ, ತಾರೀಖು ಹಾಕಿ ಮೇಲೆ ಆಫೀಸಿನ ಸಿಕ್ಕಾ ಒತ್ತಿದರು. ಆಟಿಕೆಯಾದರೇನು, ತಮ್ಮದು ಗಿಡ್ಡ ಕಾಣಬಾರದು.

ಅದು ಅವರ ಮೊದಲ ಲಾರಿ. ಅದೊಂದರಿಂದ ಹನ್ನೊಂದಾದವು. ಕಪಾಟಿನ ನಡುವೆ ಅದಕ್ಕೆಂದೇ ಜಾಗ ಬಿಟ್ಟಿದ್ದರು. ಹೋದ ವರ್ಷ ಘಾಟಬೋರಾಳದ ಏರಿನಲ್ಲಿ ಅದೇ ಲಾರಿ ಮಗುಚಿ, ಕೆಳಗೆ ಸಿಕ್ಕು ಸತ್ತ ಹಮಾಲರು ಮಚ್ಚೇಂದ್ರ, ಬದ್ರುದ್ದೀನ್. ಅವರ ಫೋಟೋಕ್ಕೆ ಆ ಕಪಾಟಿನಲ್ಲಿ ಬೆರಳಗಲ ಜಾಗವಿರಲಿಲ್ಲ.

ಲಾರಿ ಓಡಿಸುತ್ತಿದ್ದವನು ದಿಲೀಪನ ಅಣ್ಣ ಕಾಶಿರಾಮ. “ಹಿಂದಿನ ಭಾರಕ್ಕ ಮುಂದಿನ ಗಾಲಿ ನೆಲ ಬಿಟ್ಟವು, ಸ್ಟೇರಿಂಗ್ ನನ್ನ ಮಾತು ಕೇಳಲಿಲ್ಲ,” ಎಂದ. ಯಾರೂ ನಂಬಲಿಲ್ಲ. ಪೊಲೀಸರಿಂದ ಗಾಡಿ ಕೈಗೆ ಬಂದ ಎಂಟು ದಿನದಲ್ಲಿ ಸಾಹುಕಾರರು ಅದನ್ನು ಗುಜರಿಗೆ ಹಾಕಿ ತುಂಡು ಮಾಡಿಸಿದರು. ಗಾಡಿಯಲ್ಲಿ ದೋಷವಿಲ್ಲ, ಡ್ರೈವರ್ ಕುಡಿದಿದ್ದ ಎಂದು ಕೋರ್ಟಿಗೆ ಕೊಡಲು ವಕೀಲರು ಬರೆದುತಂದ ಎರಡು ಹಾಳೆಗೆ, ಓದದೆ ಸಹಿ ಹಾಕಿದರು. ಕಾಶಿರಾಮ ಇಬ್ಬರನ್ನು ಕೊಂದ ಆರೋಪ ಹೊತ್ತು ಜೇಲಿನಲ್ಲಿದ್ದ. ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾದೀತು ಎಂದು ಬುದ್ಧಿ ಹೇಳಿದವರಿಗೆ ಅವನದು ಒಂದೇ ಉತ್ತರ: “ಕುಡೀಲಿಲ್ಲ. ಕುಡದೀನಿ ಅಂತ ಹ್ಯಾಂಗ ಅನ್ಲಿ?”

ತಪ್ಪಿದ ಲಾರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ದಿಲೀಪ ಬಸವಕಲ್ಯಾಣದ ಮನೆಗೆ ಬಂದ. ಕಾಶಿರಾಮನ ಹೆಂಡತಿ ಅಂಬುಬಾಯಿ ಬಾಗಿಲಲ್ಲೇ ನಿಂತಿದ್ದಳು.

“ನಿಮ್ಮಣ್ಣ ಒಳಗ ಕಂಬಿ ಎಣಸಾಕತ್ತಾನ. ನೀ ಅವನ್ನ ಒಳಗ ಹಾಕಿಸಿದವನ ಗಾಡಿಗೆ ಬಣ್ಣ ಹಚ್ಚಾಕತ್ತಿ.”

“ಒಂದೂವರಿ ಇಂಚು ಕಮ್ಮಿ ಬಿದ್ದದ, ವೈನಿ. ಮತ್ತೊಂದು ಮಾಡಬೇಕು.”

“ಕಮ್ಮಿ ಬಿದ್ದದ್ದು ನಿನ್ನ ನಾಚಿಕಿ.”

ಅವನು ಒಳಗೆ ಹೋಗಿ ಲಾರಿ ಕೆಳಗಿಟ್ಟ. ಅವನು ಕೆಲಸ ಮಾಡುವ ಗಿಡ್ಡ ಚೌರಂಗದ ಮೇಲಿನ ಅಂಟಿನ ಡಬ್ಬಿ ಅವಳ ಕಣ್ಣಿಗೆ ಬಿತ್ತು. ಕೆಳಗೊಂದು ಕಾಗದ. ಡಬ್ಬಿ ಎತ್ತಿದಳು.

“ಇದು ಸಾಹುಕಾರ ಕೋರ್ಟಿಗೆ ಕೊಟ್ಟದ್ದರ ನಕಲು ಅಲ್ಲೇನು? ನಮ್ಮ ವಕೀಲರಿಗೆ ಮುಟ್ಟಿಸು ಅಂತ ಕೊಟ್ಟು ತಿಂಗಳಾತು. ಡಬ್ಬಿ ಇಡಾಕ ಇದಽ ಸಿಕ್ತಾ ನಿನಗ?”

“ಮುಟ್ಟಸ್ತೀನಿ. ಅದರದಿನ್ನಾ ಕೆಲಸ ಅದ.”

ಕಾಗದದ ಮೇಲೆ ಅಂಟಿನ ದುಂಡನೆಯ ಕಲೆ ಉಳಿದಿತ್ತು. ಅವತ್ತಿನಿಂದ ಅಂಬುಬಾಯಿ ಮೈದುನನಿಗೆ ಊಟ ಬಡಿಸುವುದನ್ನು ಬಿಟ್ಟಳು. ಅವನೇ ಬಡಿಸಿಕೊಂಡು ಉಂಡ. ಮೂರು ವಾರದಲ್ಲಿ ಎರಡನೆಯ ಲಾರಿ ಎದ್ದು ನಿಂತಿತು. ಅದೇ ಬಣ್ಣ, ಅದೇ ನಿಂಬೆಹಣ್ಣು. ಹಿಂದೆ ಮಾತ್ರ ಒಂದೂವರೆ ಇಂಚು ಉದ್ದ.

ಸಾಹುಕಾರರು ಸಾಕ್ಷಿ ಕಟ್ಟೆ ಹತ್ತಿದ ದಿನ ಅಂಬುಬಾಯಿ ಕೋರ್ಟಿನ ಕೊನೆಯ ಬೆಂಚಿನಲ್ಲಿದ್ದಳು. ಕಾಶಿರಾಮನ ವಕೀಲರು ಚೀಲದಿಂದ ಎರಡು ಪುಟ್ಟ ಲಾರಿಗಳನ್ನು ತೆಗೆದು ಜೋಡಿಸಿ ಇಟ್ಟರು. ಆಟಿಕೆ ಇಲ್ಲಿಗೂ ಬಂತಲ್ಲ ಎಂದು ಅವಳು ಮುಖ ತಿರುವಿದಳು.

“ಇವೆರಡ್ರಾಗ ನಿಮ್ಮ ಗಾಡಿ ಯಾವುದ್ರಿ?” ವಕೀಲರು ಕೇಳಿದರು.

ಮಹಾರುದ್ರಪ್ಪನವರ ಮುಖ ಅರಳಿತು. “ಉದ್ದಂದು. ಗಿಡ್ಡಂದು ಸುಳ್ಳದರಿ. ಮೂರಡಿ ಕಮ್ಮಿ ಮಾಡಿದ್ದ, ನಾನಽ ತಿದ್ದೀನಿ.”

ಸಹಿ ಮಾಡಿದ ಹಾಳೆ ಮುಂದೆ ಬಂತು.

“ಹೌದ್ರಿ, ನಂದಽ ಸಹಿ.”

ಸಾಹುಕಾರರ ವಕೀಲರು ದಡಕ್ಕನೆ ಎದ್ದು ನಿಂತರು. ಮಾತು ಆಗಲೇ ಬಾಯಿಂದ ಹೊರಬಿದ್ದಿತ್ತು.

ಕಾಶಿರಾಮನ ವಕೀಲರು ಇನ್ನೊಂದು ಕಾಗದ ಎತ್ತಿ ಓದಿದರು: ‘ನನ್ನ ಲಾರಿಯ ಬಾಡಿಯ ಉದ್ದ ಹದಿನೇಳು ಅಡಿ. ಒಂದಿಂಚೂ ಹೆಚ್ಚಿಸಿಲ್ಲವೆಂದು ಪ್ರಮಾಣ ಮಾಡುತ್ತೇನೆ. ಮಹಾರುದ್ರಪ್ಪ.’

ಕೊನೆಯ ಬೆಂಚಿನಿಂದಲೇ ಅಂಬುಬಾಯಿಗೆ ಆ ಕಾಗದದ ಮೇಲಿನ ದುಂಡನೆಯ ಕಲೆ ಕಂಡಿತು: ಗಿಡ್ಡ ಲಾರಿಯ ಒಂದೊಂದು ಅಳತೆಯನ್ನೂ ದಿಲೀಪ ಅದರಿಂದಲೇ ಎತ್ತಿಕೊಂಡಿದ್ದ, ಕೂದಲೆಳೆಯಷ್ಟೂ ತಪ್ಪದೆ.