ಸರ್ವಮಂಗಳಕ್ಕನ ವಿಂಡೋಸು

ಒಂದಾನೊಂದು ಕಾಲದಲ್ಲಿ, ಎಂದರೆ ಹೋದ ತಿಂಗಳು, ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿತ್ತು. ಅದರ ಧಣಿಗೆ ಯಾರದೋ ಗೃಹಪ್ರವೇಶದ ಊಟದಲ್ಲಿ, ಪಕ್ಕದ ಎಲೆಯವರ ಮಾತು ಕೇಳಿ, ಪಾಯಸದ ಹೊತ್ತಿಗೆ ಜ್ಞಾನೋದಯವಾಯಿತು.

“ಈ ಲಿನಕ್ಸ್ ತೆಗೀರಿ. ಲೋಕವೆಲ್ಲ ವಿಂಡೋಸಲ್ಲಿದೆ. ಸೋಮವಾರದೊಳಗೆ ಸರ್ವಮಂಗಳಮ್ಮ ಅದರಲ್ಲಿ ಕೆಲಸ ಕಲೀದಿದ್ರೆ ಬೇರೆಯವರನ್ನ ನೋಡ್ಕೋತೀನಿ.”

ಕೆಲಸಕ್ಕೆ ಸೇರಿದಂದಿನಿಂದ, ವಿಂಡೋಸಿನ ಬದಲು ಕಂಪ್ಯೂಟರು ನಡೆಸುವ ಪುಕ್ಕಟೆ ಲಿನಕ್ಸಿನಲ್ಲೇ ಪತ್ರಿಕೆ ಜೋಡಿಸುತ್ತಿದ್ದ ಸರ್ವಮಂಗಳಕ್ಕನ ಮುಖ ಬಾಡಿತು. ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನೇತ್ರಾ ಮಾತು ಕೊಟ್ಟಳು: “ಹೆದರ್ಬೇಡಿ ಅಕ್ಕ, ನಿಮಗೆ ಬೇಕಾದ್ದನ್ನೆಲ್ಲ ಹುಡುಕಿ ಕೊಡೋದು ನನ್ನ ಜವಾಬ್ದಾರಿ.”

ವಿಂಡೋಸ್ ಹಾಕಿ, ಅದರಲ್ಲಿ ಅಕ್ಕನ ಕೆಲಸಕ್ಕಾಗುವ ತಂತ್ರಾಂಶಗಳನ್ನು ಏಳು ಸಮುದ್ರದಾಚೆಯ ಗಿಳಿಯನ್ನು ಹುಡುಕಿದ ರಾಜಕುಮಾರನಂತೆ ಹುಡುಕಿದಳು. ಚಿತ್ರ ಬರೆಯುವ ತಂತ್ರಾಂಶವೊಂದು ತಿಂಗಳ ಬಾಡಿಗೆ ಕೇಳಿತು. ಪುಟ ಜೋಡಿಸುವ ಇನ್ನೊಂದು ಪುಕ್ಕಟೆ ಸಿಕ್ಕಿತು. ಅದರಲ್ಲಿ ಹಳೆಯ ಪತ್ರಿಕೆ ತೆರೆದರೆ ಗಣಪತಿ ಮಂಟಪ ಬಿಟ್ಟು ವಧುವಿನ ಹೆಸರಿನ ಮೇಲೆ ಕೂತಿದ್ದ.

“ನನ್ನ ಕೈಗೆ ಇದು ಒಗ್ಗಲ್ಲ ಕಣೇ,” ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬಿಡು, ಮನೇಲಿ ಹಪ್ಪಳ ಒತ್ಕೊಂಡಿರ್ತೀನಿ.”

“ನಾಳೆ ಒಂದಿನ ಬಂದು ನೋಡಿ, ಅಕ್ಕ.”

ಸೋಮವಾರ ಧಣಿ ಬಂದು ಅಕ್ಕನ ಹಿಂದೆಯೇ ನಿಂತ. ಅಕ್ಕನ ಬೆರಳು ಸರಸರನೆ ಓಡುತ್ತಿತ್ತು, ಪತ್ರಿಕೆ ಮುಗಿಯುತ್ತ ಬಂದಿತ್ತು.

“ನೋಡಮ್ಮ ನೇತ್ರಾ, ನಿನ್ನ ಲಿನಕ್ಸಲ್ಲಿ ಈ ಸ್ಪೀಡ್ ಬರ್ತಿತ್ತಾ?”

“ಎಲ್ಲಿಯ ಮಾತು ಸಾರ್!” ಎಂದಳು, ಹಿಂದಿನ ಸಂಜೆ ಆ ಕಂಪ್ಯೂಟರಿಗೆ ಲಿನಕ್ಸನ್ನೇ ಮತ್ತೆ ಹಾಕಿ, ಪರದೆಗೆ ಮಾತ್ರ ವಿಂಡೋಸಿನ ನೀಲಿ ಕಿಟಕಿಯ ಚಿತ್ರ ಅಂಟಿಸಿದ್ದ ನೇತ್ರಾ.