ಕಣದ ಬೆಂಚು

ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರ ಕೊಯ್ದ ವಾಸನೆ ಬಂದರೆ ನನಗೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಮುರಿದ ಕಾಲು ವಾಸಿಯಾದ ಮೇಲೂ ಅಜ್ಜಿ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಮಾತೂ ಕಡಿಮೆಯಾಗಿತ್ತು. ಜಗಲಿಯಲ್ಲಾದರೂ ಕೂರಲಿ ಎಂದು ಅಪ್ಪ, ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಮರದ ಹಲಗೆಗಳಿಂದ ಬೆಂಚು ಮಾಡಲು ಕೂತರು. ಅವರಿಗೆ ಮರಗೆಲಸ ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಒಪ್ಪುತ್ತಲೂ ಇರಲಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಬೆಂಚು ನಿಲ್ಲಿಸಿ, ಮೇಲೆ ನೀರು ತುಂಬಿದ ತಟ್ಟೆ ಇಟ್ಟು, ಸಮ ಬರುವವರೆಗೂ ಒಂದು ಕಡೆಯ ಕಾಲುಗಳನ್ನು ಕೊಯ್ದರು. ಜಗಲಿಗೆ ತಂದಿಟ್ಟರೆ ಬೆಂಚು ಒಂದು ಪಕ್ಕಕ್ಕೆ ವಾಲಿ ನಿಂತಿತು.

ಸದ್ದು ಕೇಳಿ ಬಾಗಿಲವರೆಗೆ ಬಂದು ಗೋಡೆ ಹಿಡಿದು ನಿಂತಿದ್ದ ಅಜ್ಜಿ ನಕ್ಕರು.

"ಮಳೆನೀರು ಹರಿದು ಹೋಗ್ಲಿ ಅಂತ ಕಣಾನ ಇಳಿಜಾರು ಮಾಡ್ಸಿದ್ದು ನೀನೇ ಅಲ್ವೇನೋ ಮಾರಾಯ?"

ಅಪ್ಪ ಮತ್ತೆ ಗರಗಸ ಎತ್ತಿಕೊಂಡರು.

"ಇನ್ನು ಕೊಯ್ಬೇಡ. ಕಣದಲ್ಲೇ ಇಡು, ನಾನೇ ಅಲ್ಲಿಗೆ ಬರ್ತೀನಿ."

ಅಪ್ಪ ಬೆಂಚನ್ನು ಮೊದಲಿದ್ದ ಮೂಲೆಗೇ ಹೊತ್ತು ಇಟ್ಟು ಬಂದರು. ಅವರ ಭುಜ ಹಿಡಿದು ಅಜ್ಜಿ ಕಣಕ್ಕೆ ಇಳಿದರು. ಅಲ್ಲಿ ಬೆಂಚು ಸಮನಾಗಿಯೇ ಇತ್ತು. ಕೂತು, ಬಿಸಿಲಿಗೆ ಕಾಲು ಚಾಚಿ, ಸುತ್ತ ಹರಡಿದ್ದ ಕಾಫಿ ಹಣ್ಣು ನೋಡಿ ಗದರಿದರು: "ಬೆಳಗ್ಗಿಂದ ಇದನ್ನ ಯಾರೂ ಕೈಯಾಡ್ಸಿಲ್ವಾ?"

"ಇಲ್ಲ ಅತ್ತೆ, ಈಗ ಆಡಿಸ್ತೀನಿ" ಎಂದು ಅಮ್ಮ ಓಡಿದಳು. ಅಷ್ಟು ಖುಷಿಯಿಂದ ಬೈಸಿಕೊಂಡವರನ್ನು ನಾನು ಮತ್ತೆ ನೋಡಿಲ್ಲ.