ಮಾವನ ಇಪ್ಪತ್ತಮೂರು ತಕರಾರು

ಸೊಸೆಯ ಪ್ಯಾಚನ್ನು ಆರನೇ ಸಲ ಬೇಡವೆನ್ನಲು ಮಾವ ಟೊಂಕ ಕಟ್ಟಿ ಕೂತಿದ್ದರು. ಕಂಪ್ಯೂಟರಿನ ಒಳಗಿದ್ದು ಎಲ್ಲವನ್ನೂ ನಡೆಸುವ ಕರ್ನಲ್ ತಾನೇ ನೇರವಾಗಿ ಡಿಸ್ಕಿಗೆ ‘ಓದು’, ‘ಬರೆ’, ‘ಅಳಿಸು’ ಎಂದು ಅಪ್ಪಣೆ ಕೊಡುವಂತೆ ಅವಳು ಬರೆದ ನಾನೂರು ಸಾಲಿನ ತಿದ್ದುಪಡಿ ಅದು. ಕರ್ನಲ್ಲಿನ ಆ ಭಾಗಕ್ಕೆ ಮಾವನೇ ಕಾವಲು; ಅವರು ಹೂಂ ಅನ್ನದೆ ಒಂದು ಅಲ್ಪವಿರಾಮವೂ ಒಳಗೆ ಹೋಗದು. ಇವತ್ತು ಸಂಜೆಯೊಳಗೆ ಒಪ್ಪಿಗೆ ಸಿಗದಿದ್ದರೆ ಸೊಸೆಯ ಆಫೀಸಿನವರು ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಅವಳ ಒಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!

“ಮನೇಲಿ ನೀನು ಮಗಳೇ ಕಣಮ್ಮ. ಪ್ಯಾಚ್ ವಿಷಯದಲ್ಲಿ ಮಾತ್ರ ಸಲಿಗೆ ನಡೆಯಲ್ಲ,” ಎಂದರು ಮಾವ, ಇಪ್ಪತ್ತಮೂರನೇ ತಕರಾರನ್ನು ಕೀಬೋರ್ಡಿನಲ್ಲಿ ಕುಟ್ಟುತ್ತಾ.

“ಒಂದ್ಸಲ ಓಡಿಸಿ ನೋಡಿ ಮಾವ. ಆಮೇಲೆ ಬೇಕಾದ್ರೆ ಬೈಯಿರಿ.”

“ಓಡಿಸ್ತೀನಿ. ಎಲ್ಲಿ ಮುಗ್ಗರಿಸತ್ತೆ ಅಂತ ನೀನೇ ನೋಡು.”

ತಕರಾರಿನ ಪಟ್ಟಿಯನ್ನು ತಮ್ಮ ಬರಹಗಳ ಡಿಸ್ಕಿಗೆ ಹಾಕಿ, ಪ್ಯಾಚ್ ಸೇರಿಸಿ, ಕಂಪ್ಯೂಟರನ್ನು ಆರಿಸಿ ಮತ್ತೆ ಶುರುಮಾಡಿದರು. ಪರೀಕ್ಷೆಗೆಂದೇ ಇಟ್ಟಿದ್ದ ಖಾಲಿ ಡಿಸ್ಕಿನ ಹೆಸರು ‘ಬಿ’. ‘ಬಿ’ಗೆ ‘ಎಲ್ಲ ಅಳಿಸು’ ಎಂದರು. ಎರಡೇ ಸೆಕೆಂಡು. ಪರದೆಯ ಮೇಲೆ ‘ಆಯಿತು’ ಎಂದು ಬಂತು.

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ಕಂಪ್ಯೂಟರು ಮತ್ತೆ ಶುರುವಾದಾಗ ಡಿಸ್ಕುಗಳ ಹೆಸರು ಅದಲುಬದಲಾಗುವುದುಂಟು. ಹೆಸರು ನಂಬಬೇಡಿ, ಮೈಮೇಲಿನ ನಂಬರ್ ನೋಡಿ ಎಂದು ಮೂವತ್ತು ವರ್ಷದಿಂದ ಲೋಕಕ್ಕೆಲ್ಲ ಪಾಠ ಹೇಳಿದವರು ಇದೇ ಮಹಾನುಭಾವರು! ಈಗ ‘ಬಿ’ ಆಗಿ ಅಳಿಸಿಹೋದದ್ದು ಅವರದೇ ಬರಹಗಳ ಡಿಸ್ಕು, ತಕರಾರುಗಳ ಸಮೇತ.

“ಇನ್ನೊಂದು ಕಾಪಿ ಇಟ್ಟಿಲ್ವಾ ಮಾವ?” ಸೊಸೆ ನಗು ತಡೆಯಲಾರದೆ ಬಾಯಿಗೆ ಅಂಗೈ ಒತ್ತಿಕೊಂಡಳು.

“ನಾಳೆ ಇಡೋಣ ಅಂತಿದ್ದೆ.”

“ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!” ಎಂದು, ಮಾತು ಕೇಳಿ ಒಳಗಿನಿಂದ ಬಂದ ಅತ್ತೆ ಬಾಗಿಲಲ್ಲೇ ಕುಸಿದು ಕೂತು ನಕ್ಕರು.

“ಅಳಿಸೋ ಮುಂಚೆ ‘ನಿಜವಾಗ್ಲೂನಾ?’ ಅಂತ ಒಂದು ಮಾತು ಕೇಳ್ಬಾರದಾ ಇದು!” ಮಾವ ಗುಡುಗಿದರು.

“ಮೂರನೇ ಸಲ ಕಳಿಸಿದಾಗ ಕೇಳ್ತಿತ್ತು. ‘ತಲೆ ಇರೋರಿಗೆ ಇದೆಲ್ಲ ಬೇಡ’ ಅಂತ ತೆಗೆಸಿದ್ದು ನೀವೇ.”

ಈಗ ಮಾವನಿಗೂ ತಡೆಯಲಾಗಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು. ಕೊನೆಗೆ ಸೊಸೆಗೇ ದಿಗಿಲಾಯಿತು, ಸಂಜೆ ಹತ್ತಿರವಾಗುತ್ತಿತ್ತು. “ನೆನಪಿರೋದನ್ನ ಹೇಳಿ ಮಾವ, ಈಗ್ಲೇ ಸರಿ ಮಾಡ್ತೀನಿ,” ಎಂದಳು.

ಮಾವ ಕಣ್ಣೊರೆಸಿಕೊಂಡು ಬೆರಳು ಮಡಚಿದರು. ಒಂದು, ಎಲ್ಲೋ ಒಂದು ಖಾಲಿ ಸಾಲು ಹೆಚ್ಚಾಗಿತ್ತು. ಎರಡು, ಯಾವುದೋ ವಾಕ್ಯದ ಕೊನೆಗೆ ಚುಕ್ಕೆ ಇರಲಿಲ್ಲ. ಮೂರನೇ ಬೆರಳು ಎಷ್ಟು ಹೊತ್ತಾದರೂ ಮಡಚಲಿಲ್ಲ.

ಆಮೇಲೆ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, ಕರ್ನಲ್ ಕೆಲಸ ಮಾಡುವ ಜಗತ್ತಿನ ಎರಡು ಸಾವಿರ ಜನ ಓದುವ ಮೇಲ್ ಬರೆದು ಕಳಿಸಿದರು:

“ಸ್ವಂತ ಡಿಸ್ಕಿನ ಮೇಲೆ ಪರೀಕ್ಷಿಸಿದ್ದೇನೆ. ಒಪ್ಪಿದ್ದೇನೆ. ಇಪ್ಪತ್ತಮೂರು ತಕರಾರುಗಳಿದ್ದವು, ನೆನಪಿಡುವಂಥದ್ದು ಒಂದೂ ಇರಲಿಲ್ಲ.”